ಡ್ರಮ್ಮಿನಲ್ಲಿ ಬಂದ ಸಮುದ್ರ

ಸಮುದ್ರವನ್ನು ಘಾಟಿ ಹತ್ತಿಸುವುದು ಕಷ್ಟದ ಕೆಲಸವೇನಲ್ಲ. ಒಂದು ಜೀಪು, ಎರಡು ಡ್ರಮ್ಮು, ಸ್ವಲ್ಪ ಬುದ್ಧಿ ಇದ್ದರೆ ಸಾಕು. ಮೂರೂ ನನ್ನ ಬಳಿ ಇವೆ ಎಂದೇ ನಾನು ನಂಬಿದ್ದೆ!

ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದಿದ್ದ ಕಾಲ. ನನ್ನ ಹೆಂಡತಿ ವಾರಿಜ ಮಂಗಳೂರು ಕಡೆಯವಳು, ಕಡಲ ದಡದಲ್ಲೇ ಬೆಳೆದವಳು. ಮದುವೆಯಾಗಿ ಬಾಳೂರಿನ ನಮ್ಮ ತೋಟಕ್ಕೆ ಬಂದಂದಿನಿಂದ, "ಒಮ್ಮೆ ಸಮುದ್ರ ನೋಡ್ಬೇಕು ಮಾರಾಯ್ರೆ" ಎನ್ನುತ್ತಿದ್ದಳು. "ಕಾಫಿಗೆ ಹೂಮಳೆ ಬರ್ಲಿ", "ಕೊಯ್ಲು ಮುಗೀಲಿ" ಎಂದು ನಾನು ಐದು ವರ್ಷ ತಳ್ಳಿದೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಏನಾದರೂ ಮಾಡಲೇಬೇಕು ಎಂದುಕೊಂಡೆ.

ಅಷ್ಟರಲ್ಲಿ ಸ್ನೇಹಿತನೊಬ್ಬನ ಮನೆಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಕಲ್ಲು ಜೋಡಿಸಿ, ಹೂವಿನಂತೆ ಅರಳುವ ಕಡಲ ಜೀವಿಗಳನ್ನೂ ಕಿತ್ತಳೆ ಬಣ್ಣದ ಮೀನುಗಳನ್ನೂ ಸಾಕುವ ವಿಧಾನ! ಹಜಾರದಲ್ಲೇ ಸಮುದ್ರ ಇದ್ದರೆ ಘಾಟಿ ಯಾಕೆ ಇಳಿಯಬೇಕು? ಪುಸ್ತಕವನ್ನು ಎರಡು ಸಲ ಓದಿದೆ. ಎರಡು ಸಲವೂ ಎರಡನೆಯ ಅಧ್ಯಾಯ ದಾಟಲಿಲ್ಲ, ಅದು ಬೇರೆ ಮಾತು.

ವಾರಿಜಳನ್ನು ಚಕಿತಗೊಳಿಸಬೇಕೆಂದು, ಮುಂಗಾರಿಗೆ ಮೊದಲು ಒಂದು ದಿನ ಹೇಳದೆ ಕೇಳದೆ ಹೊರಟೆ. ತೋಟದ ಸ್ಟೋರಿನಲ್ಲಿ ಖಾಲಿ ಬಿದ್ದಿದ್ದ ಎರಡು ಪ್ಲಾಸ್ಟಿಕ್ ಡ್ರಮ್ಮುಗಳನ್ನು ಒಮ್ಮೆ ಕುಲುಕಿ ತೊಳೆದು ಜೀಪಿಗೆ ಹಾಕಿದೆ. ಮಂಗಳೂರಿನಲ್ಲಿ ಸಮುದ್ರದ ನೀರು ತುಂಬಿಸಿ, ಸಾಕುಮೀನಿನ ಅಂಗಡಿಯಲ್ಲಿ ಒಂದು ಗಾಜಿನ ತೊಟ್ಟಿ, ಎರಡು ಕಿತ್ತಳೆ ಮೀನು, ಒಂದು ಕಡಲ ಹೂವು, ನಾಲ್ಕು ಸೀಗಡಿ ತೆಗೆದುಕೊಂಡೆ. ಅಂಗಡಿಯವನು ಜೊತೆಗೆ ಒಂದು ಕ್ಯಾನು ನೀರನ್ನೂ ಕೊಟ್ಟ. ಚಾರ್ಮಾಡಿ ಘಾಟಿಯ ಒಂದೊಂದು ತಿರುವಿನಲ್ಲೂ ಅರಬ್ಬಿ ಸಮುದ್ರ ನನ್ನ ಬೆನ್ನ ಮೇಲೆ ಉಕ್ಕಿತು. ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಬರುವಾಗ ಬನಿಯನ್ನಿನವರೆಗೂ ಒದ್ದೆಯಾಗಿದ್ದೆ!

ನೀರನ್ನು ತಿಂಗಳುಗಟ್ಟಲೆ ಹದಕ್ಕೆ ಬಿಟ್ಟು ಆಮೇಲೆ ಮೀನು ಬಿಡಬೇಕು ಎನ್ನುವುದು ಮೂರನೆಯ ಅಧ್ಯಾಯದಲ್ಲಿತ್ತಂತೆ. ನಾನು ಬಂದ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ತೊಟ್ಟಿಗೆ ಬಿಟ್ಟೆ.

"ನೋಡು, ನಿನ್ನ ಸಮುದ್ರ!" ಎಂದೆ.

ವಾರಿಜ ಗಾಜಿಗೆ ಮೂಗು ತಾಗಿಸಿ ನೋಡಿದಳು. "ನೀರು ಯಾಕೆ ಹೀಗೆ ನೀಲಿ ಉಂಟು?"

"ಸಮುದ್ರ ನೀಲಿಯಲ್ಲದೆ ಹಸಿರಾ?"

"ಚೊಂಬಲ್ಲಿ ತುಂಬಿದ್ರೆ ನೀಲಿ ಇರೋದಿಲ್ಲ ಮಾರಾಯ್ರೆ. ನಾನು ಅದ್ರಲ್ಲೇ ಆಡಿ ಬೆಳೆದವ್ಳು."

ಎರಡನೆಯ ಅಧ್ಯಾಯದವರೆಗೆ ಓದಿದವನ ಎದುರು ಇದೆಂಥ ವಾದ! ನಾನು ನಕ್ಕುಬಿಟ್ಟೆ.

ಮರುದಿನ ಕಡಲ ಹೂವು ಮುದುಡಿತು. ಸೀಗಡಿಗಳು ಮಗುಚಿದವು. ವಾರಿಜಳ ಮುಖ ಸಣ್ಣದಾಯಿತು. ನಾನು ಧೃತಿಗೆಡಲಿಲ್ಲ. ಅರ್ಧ ನೀರು ತೆಗೆದು, ಎರಡನೆಯ ಡ್ರಮ್ಮಿನ ನೀರು ಸುರಿದೆ. ಸಮುದ್ರ ಇನ್ನಷ್ಟು ನೀಲಿಯಾಯಿತು!

ಆಗ ನಮ್ಮ ತೋಟದ ಸೇಸಪ್ಪ ಮೇಸ್ತ್ರಿ ಜಗಲಿಗೆ ಬಂದು ನಿಂತ.

"ಅಯ್ಯಾ, ನಾಳೆ ಗಿಡಕ್ಕೆ ಔಷಧಿ ಹೊಡೀಬೇಕು. ಮೈಲುತುತ್ತ ಕರಗ್ಸೋ ಡ್ರಮ್ಮು ಎರಡೂ ಕಾಣ್ತಿಲ್ವಲ್ಲ?"

ಕಾಫಿ ಎಲೆಗೆ ತುಕ್ಕು ರೋಗ ಬರದಂತೆ ಹೊಡೆಯುವ ನೀಲಿ ಔಷಧಿಯದು, ಕಡಲ ಜೀವಿಗಳಿಗೆ ವಿಷ. ಇಪ್ಪತ್ತು ವರ್ಷದಿಂದ ಅದನ್ನು ಹೊಡೆಸುತ್ತಿರುವ ಪ್ಲಾಂಟರು ನಾನು! ಸೇಸಪ್ಪ ತೊಟ್ಟಿಯನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

"ಹೋಗ್ಲಿ ಬಿಡಿ ಅಯ್ಯಾ. ಈ ಮೀನಿಗೆ ತುಕ್ಕು ರೋಗವಂತೂ ಬರಲ್ಲ!"

ವಾರಿಜ ನಗಲಿಲ್ಲ. ಅಂಗಡಿಯವನು ಬೇರೆ ಕ್ಯಾನಿನಲ್ಲಿ ಕೊಟ್ಟಿದ್ದ ನೀರಿಗೆ ಮೀನುಗಳನ್ನು ಹಿಡಿದು ಹಾಕಿದಳು. ಅವೆರಡು ಇನ್ನೂ ಉಸಿರಾಡುತ್ತಿದ್ದವು. "ಇವನ್ನಾದ್ರೂ ಅಂಗಡಿಗೆ ವಾಪಸ್ ಕೊಡುವ, ಪಾಪ. ನಾನೂ ಬರ್ತೇನೆ," ಎಂದವಳೇ ಸೀರೆ ಬದಲಿಸಲು ಒಳಗೆ ಹೋದಳು.

ಮೀನುಗಳನ್ನು ಅಂಗಡಿಯವನಿಗೆ ಒಪ್ಪಿಸಿ, ಅವನಿಂದ ಬೈಸಿಕೊಂಡು, ನೇರ ಕಡಲಿಗೆ ಹೋದೆವು. ವಾರಿಜ ಚಪ್ಪಲಿ ಬಿಟ್ಟು ಮೊಣಕಾಲುದ್ದ ನೀರಿನಲ್ಲಿ ನಿಂತಳು. ಐದು ವರ್ಷದಲ್ಲಿ ಆ ನಗುವನ್ನು ನಾನು ನೋಡಿರಲಿಲ್ಲ. ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು, ಸಮುದ್ರದ ನೀರಿನಲ್ಲಿ ಉಪ್ಪಿನ ಪ್ರಮಾಣ ಎಷ್ಟಿರಬೇಕೆಂದು ಎರಡನೆಯ ಅಧ್ಯಾಯವನ್ನು ವಿವರಿಸತೊಡಗಿದೆ.

"ಸ್ವಲ್ಪ ಹೊತ್ತು ಸುಮ್ನೆ ನಿಲ್ತೀರಾ?" ಎಂದಳು.

ನಿಂತೆ. ಆ ಇಡೀ ಯೋಜನೆಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ!