ಮಳೆ ತೋರಿಸುವ ಮಾವ

ನನ್ನ ಸೋದರಮಾವನಿಗೆ ಮಳೆಗಾಲದಲ್ಲಿ ತಲೆ ಕೆಡುತ್ತದೆ ಎಂದು ಹೊಳೆನರಸೀಪುರದಲ್ಲಿ ಮಾತಿದೆ. ಶುದ್ಧ ಸುಳ್ಳು! ಬೇಸಿಗೆಯಲ್ಲಿ ಅವರು ಸರಿ ಇರುತ್ತಾರೆ ಎಂದವರು ಯಾರು?

ಬಸ್ ನಿಲ್ದಾಣದ ಬಳಿ ಅವರದು ಪಂಪ್‌ಸೆಟ್ ರಿಪೇರಿ ಅಂಗಡಿ. ಮಳೆ ಹಿಡಿದರೆ ಪಂಪ್‌ಸೆಟ್ಟಿಗೆ ಕೆಲಸವಿಲ್ಲ, ಮಾವನಿಗೂ ಇಲ್ಲ. ಆಗ ಅಂಗಡಿಗೆ ಬೀಗ ಜಡಿದು, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಆಸೆಪಟ್ಟವರನ್ನು ಜೀಪಿಗೆ ತುಂಬಿಕೊಂಡು ಅರಕಲಗೂಡಿನ ಮಾರ್ಗವಾಗಿ ಬಿಸಿಲೆ ಕಾಡಿಗೆ ಹೊರಡುತ್ತಾರೆ. ಅಲ್ಲಿ ಎಲ್ಲರನ್ನೂ ನಡೆಸಿಕೊಂಡು ಮಳೆ ತೋರಿಸುತ್ತಾರೆ! ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣದ ಆ ಕಾಡಿಗೆ ಬಿಸಿಲೆ ಎಂದು ಹೆಸರಿಟ್ಟ ಪುಣ್ಯಾತ್ಮ ನಮ್ಮ ಮಾವನ ಪೈಕಿಯೇ ಇರಬೇಕು.

ಕೊಡೆ ತಂದವರಿಗೆ ಜೀಪಿನಲ್ಲಿ ಜಾಗವಿಲ್ಲ. "ನೆನೆಯಾಕೆ ಬಂದು ಕೊಡೆ ಇಡ್ಕಂಡ್ರೆ, ಊಟಕ್ಕೆ ಬಂದು ಬಾಯಿ ಮುಚ್ಕಂಡಂಗೆ ಆಯ್ತದೆ!" ಹಾಸನದ ಹೆಂಗಸೊಬ್ಬರು ಕಾಲಿಗೆ ಜಿಗಣೆ ಹತ್ತಿ ಕಿರುಚಿಕೊಂಡಾಗ ಮಾವ ಉಪ್ಪಿನ ಗಂಟು ಒತ್ತುತ್ತ ಸಮಾಧಾನ ಹೇಳಿದರು: "ಎದರ್ಬ್ಯಾಡಿ ಅಕ್ಕ, ಒಟ್ಟೆ ತುಂಬುದ್ರೆ ಅದೇ ಓಯ್ತದೆ. ನಮ್ಮನೆ ನೆಂಟ್ರು ಅಂಗೂ ಓಗಾಕಿಲ್ಲ!"

ದಾರಿ ತಪ್ಪಿದರೆ ಒಪ್ಪಿಕೊಳ್ಳುವ ಜಾತಿಯಲ್ಲ. ಒಮ್ಮೆ ಸುತ್ತಿ ಸುತ್ತಿ ಅದೇ ಬಿದ್ದ ಮರದ ಮುಂದೆ ಬಂದು ನಿಂತೆವು.

"ಮಾವ, ಇದನ್ನ ಆಗ್ಲೇ ನೋಡಿದ್ವಲ್ಲ?" ಎಂದೆ.

"ಆಗ ನೋಡಿದ್ದು ಎಡಗಡೆಯಿಂದ ಕಣ್ಲಾ. ಈಗ ಬಲಗಡೆಯಿಂದ ತೋರುಸ್ತಾ ಇವ್ನಿ!"

ಹೋದ ಮಳೆಗಾಲದಲ್ಲಿ ಮಾತ್ರ ನಮ್ಮೆಲ್ಲರ ನಗು ನಿಂತುಹೋಯಿತು. ಬೆಳಿಗ್ಗೆ ಪಾದವೂ ಮುಳುಗದಿದ್ದ ಹಳ್ಳ ಮರಳುವಾಗ ಕೆಂಪಗೆ ಮೊರೆಯುತ್ತಿತ್ತು.

"ನೀರು ಇಳಿಯೋಗಂಟ ಕೂತ್ಕಳಿ. ಯಾರೂ ಕಾಲಿಡಕೂಡ್ದು" ಎಂದರು ಮಾವ. ಅಷ್ಟು ಗಡುಸಾದ ದನಿಯನ್ನು ನಾನು ಕೇಳಿರಲಿಲ್ಲ.

ಚನ್ನರಾಯಪಟ್ಟಣದ ಕಟ್ಟುಮಸ್ತಾದ ಯುವಕನೊಬ್ಬ ನಕ್ಕ. "ಇಷ್ಟು ನೀರ್ಗೆ ಎದರ್ಕತೀರಾ ಸಾ? ನಾನು ಕೆರೆ ಈಜ್ದೋನು" ಎಂದವನೇ ಇಳಿದ, ಜಾರಿದ, ಕೊಚ್ಚಿಹೋಗತೊಡಗಿದ. ನಾವು ಕೂಗುವಷ್ಟರಲ್ಲಿ ಮಾವ ನೀರಿನಲ್ಲಿದ್ದರು! ಒಂದು ಕೈಯಲ್ಲಿ ದಡದ ಬೇರು, ಇನ್ನೊಂದರಲ್ಲಿ ಅವನ ಅಂಗಿಯ ಕಾಲರ್. ಎಲ್ಲರೂ ಸೇರಿ ಇಬ್ಬರನ್ನೂ ಎಳೆದು ಹಾಕಿದೆವು.

ಯುವಕ ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡ. "ಈಜು ಬರೋ ನನ್ ಕೈಲೇ ಆಗ್ನಿಲ್ಲ. ನೀವೆಂಗೆ ಸಾ ಅಂಗೆ ಧುಮುಕುಬುಟ್ರಿ?"

ಮಾವನ ಹಲ್ಲು ಕಟಕಟ ಅನ್ನುತ್ತಿತ್ತು. "ನಂಗೆ ಈಜು ಬರಾಕಿಲ್ಲ ಕಣಪ್ಪ" ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಮೆಲ್ಲಗೆ.

ಯುವಕ ಚೀಲದಿಂದ ಟವೆಲ್ ತೆಗೆದು ಮಾವನ ಬೋಳು ತಲೆಯನ್ನು ಒರೆಸತೊಡಗಿದ. ಮಾವ ತಲೆ ಬಗ್ಗಿಸಿ ಕೊಟ್ಟರು. ಹಳ್ಳ ಇಳಿಯುವವರೆಗೂ ಅವನ ಕಾಲರ್ ಮಾತ್ರ ಬಿಡಲಿಲ್ಲ.