ಶಿಳ್ಳೆ ಬಾರದ ಸಂಜೆ

ಬೋಳೂರಿನ ಪ್ರೇಮನಾಥನಿಗೂ ಪಕ್ಕದ ಮನೆಯ ಜಮಾಲುದ್ದೀನ್ ಸಾಹೇಬರಿಗೂ ಮಾತು ನಿಂತದ್ದು ರೇಡಿಯೋದಿಂದ. ಇವನು ಗುಂಡಿಯನ್ನು ತುಸು ಹೆಚ್ಚು ತಿರುಗಿಸಿದರೆ ಅವರ ರೇಡಿಯೋ ಕರ್ಕಶವಾಗಿ ಶಿಳ್ಳೆ ಹಾಕುತ್ತಿತ್ತು. ಅವರು ತಿರುಗಿಸಿದರೆ ಇವನದು. ಬೇಕೆಂದೇ ಮಾಡುತ್ತಾನೆ ಎಂದು ಅವರು, ಬೇಕೆಂದೇ ಮಾಡುತ್ತಾರೆ ಎಂದು ಇವನು. ಮಳೆಗಾಲ ಮುಗಿದರೂ ಸಿಟ್ಟು ಮುಗಿದಿರಲಿಲ್ಲ.

ಇವತ್ತು ಮಾತ್ರ ಶಿಳ್ಳೆ ಬರಬಾರದಿತ್ತು. ಮದುವೆಯಾಗಿ ಮದ್ರಾಸಿಗೆ ಹೋದ ತಂಗಿ ವಾರಿಜಾಕ್ಷಿ ಸಂಜೆ ಅಲ್ಲಿಯ ರೇಡಿಯೋದಲ್ಲಿ ಒಂದು ಹಾಡು ಹಾಡುವವಳಿದ್ದಳು. ಯುದ್ಧದ ಕಾಲ, ಅವಳು ಊರಿಗೆ ಬಾರದೆ ವರ್ಷಗಳೇ ಆಗಿದ್ದವು. ತಾಯಿ ಲಕ್ಷ್ಮಕ್ಕ ಬೆಳಗ್ಗೆಯೇ ಮಿಂದು, ಒಳ್ಳೆಯ ಸೀರೆ ಉಟ್ಟು, ಮಗಳೇ ಬಂದಿಳಿಯುತ್ತಾಳೆಂಬಂತೆ ಅಂಗಳ ಗುಡಿಸಿದ್ದರು.

"ಅವಳ ಸ್ವರ ಒಮ್ಮೆ ಕಿವಿಗೆ ಬಿದ್ದರೆ ಸಾಕು ಮಗಾ," ಎಂದರು.

ಪ್ರೇಮನಾಥ ಎರಡೂ ರೇಡಿಯೋ ಕಟ್ಟಿಕೊಟ್ಟಿದ್ದ ಆಂಬ್ರೋಸನ ಅಂಗಡಿಗೆ ಓಡಿದ.

"ಎಂತ ಮಾಡುದು ಮಾರಾಯ? ಎರಡೂ ರೇಡಿಯೋ ಅಣ್ಣತಮ್ಮಂದಿರ ಹಾಗೆ. ಹತ್ತಿರ ಹತ್ತಿರ ಇದ್ದರೆ ಜಗಳವೇ," ಎಂದ ಆಂಬ್ರೋಸ್. "ಒಂದನ್ನು ಬಂದ್ ಮಾಡ್ಬೇಕು. ಬಾ, ಸಾಹೇಬರ ಹತ್ತಿರ ನಾನು ಮಾತಾಡ್ತೇನೆ."

ಮಾತಾಡುವುದರಲ್ಲಿ ಆಂಬ್ರೋಸ್ ಹಿಂದೆ ಬಿದ್ದವನಲ್ಲ. ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ, "ಇವನ ತಂಗಿ ರೇಡಿಯೋದಲ್ಲಿ ಹಾಡ್ತಾಳೆ, ಗೊತ್ತುಂಟಾ? ಸಂಜೆ ಬನ್ನಿ!" ಎಂದು ಸಾರಿದ. ಬಲೆ ಹೆಣೆಯುತ್ತಿದ್ದ ಸೇಸಪ್ಪನನ್ನೂ ಬಿಡಲಿಲ್ಲ. ಸಾಹೇಬರಿಗೆಂದು ಕೊಂಡ ಅಂಜಲ್ ಮೀನನ್ನು ಪ್ರೇಮನಾಥ ಎರಡೂ ಕೈಯಲ್ಲಿ ಹಿಡಿದಿದ್ದ. ಆಂಬ್ರೋಸನ ಬಾಯಿ ಮುಚ್ಚಿಸಲು ಒಂದು ಕೈ ಎತ್ತಿದ್ದೇ ತಡ, ಮೀನು ಜಾರಿ ರಸ್ತೆಯ ಧೂಳಿನಲ್ಲಿ ಉರುಳಿತು.

ಸಾಹೇಬರು ಮಣ್ಣು ಮೆತ್ತಿದ ಮೀನನ್ನು ನೋಡಿದರು, ಇವನನ್ನೂ ನೋಡಿದರು.

"ಸಾಹೇಬ್ರೇ, ಇವತ್ತು ಸಂಜೆ ಒಮ್ಮೆ ನಿಮ್ಮ ರೇಡಿಯೋ..." ಎಂದು ಪ್ರೇಮನಾಥ ತೊದಲಿದ.

"ಹಾಡಿನ ಸುದ್ದಿ ನನಗೂ ಬಂತು. ಇದಕ್ಕೆ ಮೀನು ಯಾಕೆ ಮಾರಾಯ? ವಾರಿಜಾ ನನ್ನ ಮಗಳು ಹಬೀಬಾನ ಒಟ್ಟಿಗೆ ಆಡಿ ಬೆಳೆದವಳಲ್ವ? ಒಂದು ಮಾತು ಕೇಳಿದ್ದರೆ ಆಗ್ತಿತ್ತು. ನನ್ನ ರೇಡಿಯೋ ಮುಟ್ಟುದಿಲ್ಲ. ನಾವೆಲ್ಲ ನಿಮ್ಮಲ್ಲಿಗೇ ಬರ್ತೇವೆ, ಹಾಡು ಕೇಳ್ಲಿಕ್ಕೆ."

ಪ್ರೇಮನಾಥನಿಗೆ ನಾಚಿಕೆಯಾಯಿತು. ಇಷ್ಟು ಸುಲಭದ ಮಾತಿಗೆ ಇಷ್ಟು ದಿನ ಮುಖ ತಿರುಗಿಸಿಕೊಂಡು ಓಡಾಡಿದೆನಲ್ಲ ಎನಿಸಿತು.

ಸಂಜೆ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಹೇಬರು, ಅವರ ಹೆಂಡತಿ ಅಲೀಮಮ್ಮ, ಹಬೀಬಾ, ಸೇಸಪ್ಪ, ಆಂಬ್ರೋಸ್ ಕರೆದವರು, ಅವರು ಕರೆತಂದವರು. ಮದ್ರಾಸು ಎಂದೂ ಇಲ್ಲದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಕೈ ಬಿಟ್ಟರೆ ಸ್ಟೇಷನ್ ಜಾರಿಹೋಗುತ್ತದೆಂದು ಪ್ರೇಮನಾಥ ಗುಂಡಿಯನ್ನು ಬಿಗಿಯಾಗಿ ಹಿಡಿದಿದ್ದ.

ವಾರಿಜಾಕ್ಷಿಯ ಹೆಸರು ಕೇಳಿತು. "ಅಮ್ಮಾ, ಬೇಗ ಬನ್ನಿ!" ಎಂದು ಅವನು ಕೂಗಿದ.

ಲಕ್ಷ್ಮಕ್ಕ ಜಗಲಿಯಲ್ಲಿ ಇರಲೇ ಇಲ್ಲ. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡಬೇಕು. ಅದರಲ್ಲೂ ಮಾತು ಬಿಟ್ಟಿದ್ದ ಮನೆಯವರು ತಾವಾಗಿ ಬಂದಿದ್ದಾರೆ. ಹಿತ್ತಿಲಿನ ಕೊನೆಯ ಬಾವಿಯಲ್ಲಿ ಅವರು ತಣ್ಣೀರು ಸೇದುತ್ತಿದ್ದರು. ರಾಟೆಯ ಕಿರುಚಾಟ ಅಲ್ಲಿಂದ ಕೇಳುತ್ತಿತ್ತು.

"ಬಂದೆ ಮಗಾ! ಅಲೀಮಮ್ಮನಿಗೆ ಆಸರಿಗೆ ನೀರು ಕೊಡದೆ ಕೂತ್ಕೊಳ್ಳುದಾ?"

ಹಾಡು ಶುರುವಾಯಿತು. ಹಾಡು ಮುಗಿಯಿತು. ಮುಗಿದ ಮೇಲೆ ಲಕ್ಷ್ಮಕ್ಕ ಒದ್ದೆ ಸೆರಗಿನಲ್ಲಿ, ತುಂಬಿದ ಚೆಂಬು, ಬೆಲ್ಲದ ಹರಿವಾಣ ಹಿಡಿದು ಬಂದರು.

"ಶುರುವಾಯ್ತಾ?"

ರೇಡಿಯೋದಲ್ಲಿ ಯಾರೋ ಗಂಡಸು ಭತ್ತದ ಬೆಳೆಯ ಬಗ್ಗೆ ಹೇಳುತ್ತಿದ್ದ. ಅಲೀಮಮ್ಮ ಎದ್ದು ಅವರ ಕೈ ಹಿಡಿದುಕೊಂಡರು. "ಭಾರೀ ಚಂದ ಹಾಡಿದಳು ಲಕ್ಷ್ಮಕ್ಕ."

ಲಕ್ಷ್ಮಕ್ಕ ಹರಿವಾಣವನ್ನು ಮೆಲ್ಲನೆ ಕೆಳಗಿಟ್ಟರು. ಎಲ್ಲರಿಗೂ ಬೆಲ್ಲ ಕೊಟ್ಟು ಮಗನ ಹತ್ತಿರ ಬಂದು ಕುಳಿತರು.

"ಹೋಗ್ಲಿ. ನೀನಾದರೂ ಕೇಳಿದಿಯಲ್ಲ. ಯಾವ ಹಾಡು ಮಗಾ? ಸ್ವರ ಮೊದಲಿನ ಹಾಗೇ ಉಂಟಾ?"

ಪ್ರೇಮನಾಥ ಮೊದಲಿನಿಂದ ಕೊನೆಯವರೆಗೂ, ಈಗ ಶಿಳ್ಳೆ ಬಂತು, ಇನ್ನೇನು ಬಂತು ಎಂದು ಅದಕ್ಕೇ ಕಿವಿಗೊಟ್ಟು ಕುಳಿತಿದ್ದ. ಯಾವ ಹಾಡೋ, ತಂಗಿಯ ಸ್ವರ ಹೇಗಿತ್ತೋ, ಒಂದೂ ಅವನ ತಲೆಗೆ ಹೋಗಿರಲಿಲ್ಲ.

"ಶಿಳ್ಳೆ ಬರ್ಲಿಲ್ಲ ಅಮ್ಮ," ಎಂದ.