ಬಿಳಿಯ ಅಡುಗೆಕಟ್ಟೆ

ಅಡುಗೆಮನೆಯ ವಿಷಯದಲ್ಲಿ ಗಂಡಸರಿಗೆ ಇರುವಷ್ಟು ಖಚಿತವಾದ ಅಭಿಪ್ರಾಯಗಳು ಅಲ್ಲಿ ದಿನವಿಡೀ ನಿಂತು ಬೇಯುವ ಹೆಂಗಸರಿಗೂ ಇರುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯೆಂದು ಹೇಳುವುದಕ್ಕೆ ಸಾರು ಮಾಡಲು ಬರಬೇಕಾಗಿಲ್ಲವಲ್ಲ. ನಾನಂತೂ ಒಲೆಯ ಮೇಲೆ ಹಾಲಿಟ್ಟು, ಪೇಪರು ಓದುತ್ತ ಕೂತು, ಪಾತ್ರೆಯ ತಳ ಸೀಯಿಸುವವನು. ಅಂಥವನು ನಮ್ಮ ಅಡುಗೆಕಟ್ಟೆಗೆ ಯಾವ ಕಲ್ಲು ಹಾಕಿಸಬೇಕೆಂದು ತೀರ್ಮಾನ ಮಾಡಿದೆ. ಅದನ್ನು ನೆನೆದರೆ ಮುಖ ಎಲ್ಲಿಟ್ಟುಕೊಳ್ಳಲಿ ಎನ್ನಿಸುತ್ತದೆ.

ಹಾಸನದ ಕಡೆಯವರಾದ ನಾವು ವಿಶಾಖಪಟ್ಟಣಕ್ಕೆ ಬಂದದ್ದು ನನ್ನ ಕಾರ್ಖಾನೆಯ ಕೆಲಸದಿಂದ. ಬಹಳ ವರ್ಷ ಕ್ವಾರ್ಟರ್ಸಿನಲ್ಲಿದ್ದು, ಕೊನೆಗೆ ಸಿಂಹಾಚಲದ ಬೆಟ್ಟದ ಮಗ್ಗುಲಲ್ಲಿ ಒಂದು ಸಣ್ಣ ಮನೆ ಕಟ್ಟಿಸಲು ಹೊರಟೆವು. ನನ್ನ ಹೆಂಡತಿ ಪದ್ಮಾ ಇಡೀ ಮನೆಯಲ್ಲಿ ಬೇಕೆಂದು ಕೇಳಿದ್ದು ಒಂದೇ, ಅಡುಗೆಕಟ್ಟೆಗೆ ಕರಿ ಗ್ರಾನೈಟ್. “ನಮ್ಮ ಒರಳುಕಲ್ಲು ನೋಡ್ರೀ. ಅಜ್ಜಿ ಕಾಲದಿಂದ ಅದ್ರಲ್ಲೇ ಹುಣಸೇಹಣ್ಣು ಅರೆದಿದೀವಿ. ಏನಾದ್ರೂ ಆಗಿದ್ಯಾ ಅದಕ್ಕೆ?” ಎಂದಳು. “ಒರಳುಕಲ್ಲಿನ ಮೇಲೆ ಅಡುಗೆ ಮಾಡೋಕೆ ಹೊಸ ಮನೆ ಯಾಕೆ ಬೇಕಿತ್ತು?” ಎಂದೆ ನಾನು. ಬಹಳ ಚುರುಕಾದ ಉತ್ತರ ಕೊಟ್ಟೆನೆಂದು ಆಗ ನನಗೆ ಹೆಮ್ಮೆಯೂ ಆಗಿತ್ತು.

ನನ್ನ ತಲೆ ಕೆಡಿಸಿದ್ದು ವಿಜಯವಾಡ. ಪದ್ಮಳ ಅಣ್ಣ ಅಲ್ಲಿ ಬ್ಯಾಂಕ್ ಅಧಿಕಾರಿ. ಭವಾನಿಪುರಂನಲ್ಲಿ ಅವರಿದ್ದ ಬಾಡಿಗೆ ಮನೆಯ ಅಡುಗೆಕಟ್ಟೆ ಹಾಲಿನಂಥ ಅಮೃತಶಿಲೆಯದು. ಬೇಸಗೆಯಲ್ಲಿ ವಿಜಯವಾಡಕ್ಕೆ ಹೋದವರಿಗೆ ತಣ್ಣಗಿರುವ ಏನನ್ನು ಕಂಡರೂ ಭಕ್ತಿ ಹುಟ್ಟುತ್ತದೆ. ಆ ಕಟ್ಟೆಯ ಮೇಲೆ ಎರಡೂ ಅಂಗೈ ಊರಿ ಬಹಳ ಹೊತ್ತು ನಿಂತಿದ್ದೆ. ಅದು ಅಷ್ಟು ಬೆಳ್ಳಗೆ ಹೇಗೆ ಉಳಿದಿದೆ ಎಂದು ಮಾತ್ರ ಯಾರನ್ನೂ ಕೇಳಲಿಲ್ಲ. ಅವರು ಅಡುಗೆ ಮಾಡುವುದೆಲ್ಲ ಹಿಂದಿನ ವರಾಂಡದಲ್ಲಿ, ಈ ಕಟ್ಟೆ ಇರುವುದು ಬಂದವರು ನೋಡುವುದಕ್ಕೆ ಎಂಬುದು ಗೊತ್ತಾಗುವ ಹೊತ್ತಿಗೆ ನಮ್ಮ ಮನೆಯಲ್ಲೂ ಬಿಳಿಯ ಕಲ್ಲು ಕೂತಾಗಿತ್ತು.

ನನ್ನ ಕೆಲಸ ಏನೆಂದು ಹೇಳದೆ ಮುಂದೆ ಹೋಗಿದ್ದರೆ ನನ್ನ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ನಾನು ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ಸುಣ್ಣದ ಕಲ್ಲಿನ ಪುಡಿಗೆ ಆಸಿಡ್ ಹಾಕಿ, ಅದು ಬುಸ್ಸೆಂದು ನೊರೆಯೆದ್ದು ಕರಗುವುದನ್ನು ನೋಡುವುದಕ್ಕೇ ನನಗೆ ಸಂಬಳ. ಅಮೃತಶಿಲೆಯೂ ಸುಣ್ಣದ ಕಲ್ಲಿನ ವಂಶವೇ, ನಿಂಬೆಹುಳಿಯೂ ಆಸಿಡ್ಡೇ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ತಿಳುವಳಿಕೆಯೆಲ್ಲ ಕಾರ್ಖಾನೆಯ ಗೇಟಿನೊಳಗೇ ಉಳಿಯುತ್ತಿತ್ತು, ಸ್ಕೂಟರಿನಲ್ಲಿ ನನ್ನ ಜೊತೆ ಮನೆಗೆ ಬರುತ್ತಿರಲಿಲ್ಲ.

ಗೃಹಪ್ರವೇಶದ ದಿನ ಚಿತ್ರಾನ್ನಕ್ಕೆ ಹಿಂಡಿದ ನಿಂಬೆಹೋಳುಗಳನ್ನು ಯಾರೋ ಕಟ್ಟೆಯ ಮೇಲೆ ಕವುಚಿಟ್ಟಿದ್ದರು. ಸಂಜೆ ಒರೆಸಿದರೆ ಅಲ್ಲೆಲ್ಲ ಹೊಳಪು ಹೋದ ಬಿಲ್ಲೆಗಳು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಅಂದಿನಿಂದ ನಾನು ಕಟ್ಟೆಯ ಕಾವಲಿಗೆ ನಿಂತೆ. ಹುಣಸೆ ನೆನೆಹಾಕಿದ ಬಟ್ಟಲಿನ ಕೆಳಗೆ ತಟ್ಟೆ, ತಟ್ಟೆಯ ಕೆಳಗೆ ಪೇಪರು. ಅರಿಸಿನದ ಡಬ್ಬಿಯ ಮುಚ್ಚಳ ಸದ್ದಾದರೆ ಸಾಕು, ನಾನು ಬಾಗಿಲಲ್ಲಿ ಹಾಜರು. ಪದ್ಮಾ ಜಗಳವಾಡಲಿಲ್ಲ. ಒಂದು ದಿನ ಸೀಮೆಎಣ್ಣೆ ಸ್ಟವ್ ಎತ್ತಿಕೊಂಡು ಹಿತ್ತಲ ಜಗಲಿಗೆ ಹೋಗಿ, ನೆಲದ ಮೇಲೆ ಕೂತು ಗೊಜ್ಜು ಕುದಿಸಿದಳು. ಕ್ರಮೇಣ ಹುಳಿ, ಸಾರು, ಒಗ್ಗರಣೆ ಎಲ್ಲವೂ ಅಲ್ಲಿಗೇ ಹೋದವು. ಗಾಳಿಗೆ ಸ್ಟವ್ ಆರಿದಾಗಲೆಲ್ಲ ಅವಳು ಮತ್ತೆ ಕಡ್ಡಿ ಗೀರುವ ಸದ್ದು ಕೇಳುತ್ತಿತ್ತು. ಒಳಗೆ ಅಮೃತಶಿಲೆ ತಣ್ಣಗೆ ಮಲಗಿತ್ತು. ಸ್ವಂತ ಮನೆ ಕಟ್ಟಿಸಿ ಹೆಂಡತಿಯನ್ನು ಹಿತ್ತಲಿಗೆ ಕಳಿಸಿದವನು ನಾನೊಬ್ಬನೇ ಇರಬೇಕು.

ಹೀಗಿರುವಾಗ ನಮ್ಮ ಮುಖ್ಯ ಕೆಮಿಸ್ಟ್ ಮೂರ್ತಿಗಾರು ಮನೆ ನೋಡಲು ಬಂದರು. ತಾವೂ ಕಟ್ಟಿಸುವ ಯೋಚನೆಯಲ್ಲಿದ್ದರು. ನನ್ನ ಬಡ್ತಿಗೆ ಶಿಫಾರಸು ಮಾಡಬೇಕಾದವರೂ ಅವರೇ. ಹಜಾರದಲ್ಲೇ ಕೂರಿಸಿ ಕಳಿಸಿಬಿಡೋಣವೆಂದು ನಾನು ನೋಡಿದರೆ, ಅವರು ನೇರವಾಗಿ ಅಡುಗೆಮನೆಗೆ ನಡೆದರು. ಬಿಲ್ಲೆಗಳ ಮೇಲೆ ಬೆರಳಾಡಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಕೆಮಿಸ್ಟ್ ಇಂಟ್ಲೋ ಮಾರ್ಬಲಾ? ಎವರಂಡೀ ಸೆಲೆಕ್ಟ್ ಚೇಸಿಂದಿ?” ಎಂದರು. ಕೆಮಿಸ್ಟನ ಮನೆಯಲ್ಲಿ ಮಾರ್ಬಲ್ಲೇ, ಆರಿಸಿದವರು ಯಾರು ಎಂದು.

ಕಾಫಿ ತಂದ ಪದ್ಮಾ ತನ್ನ ಹಾಸನದ ತೆಲುಗಿನಲ್ಲಿ, “ನೇನೇ ಸಾರ್. ಈಯನ ವದ್ದು ವದ್ದು ಅನ್ನಾರು. ನೇನೇ ಹಠ ಮಾಡಿ ಹಾಕಿಸ್ಕೊಂಡೆ,” ಎಂದಳು. ಇವರು ಬೇಡ ಬೇಡವೆಂದರೂ ಹಠ ಹಿಡಿದವಳು ತಾನೇ ಎಂದು. ಮೂರ್ತಿಗಾರು ಗಟ್ಟಿಯಾಗಿ ನಕ್ಕು, ಹೆಂಗಸರು ನಮ್ಮ ಮಾತು ಎಲ್ಲಿ ಕೇಳುತ್ತಾರೆ ಎಂದರು. ನಾನು ಬಾಯಿ ತೆರೆದೆ. ನಿಜ ಹೇಳುವುದಕ್ಕೇ ತೆರೆದದ್ದು ಎಂದು ಈಗಲೂ ನಂಬಿದ್ದೇನೆ. ಹೊರಗೆ ಬಂದದ್ದು ನಗು.

ಅವರು ಹೋದ ಮೇಲೆ, “ಯಾಕೆ ಹಾಗಂದೆ?” ಎಂದು ಮೆಲ್ಲಗೆ ಕೇಳಿದೆ. “ದಿನಾ ಅವ್ರ ಮುಖ ನೋಡ್ಬೇಕಾದೋರು ನೀವಲ್ವಾ?” ಎಂದಳು. ಲೋಟಗಳನ್ನೆತ್ತಿಕೊಂಡು ಹಿತ್ತಲಿಗೆ ಹೋದಳು. ನಾಳೆ ಬೆಳಗ್ಗೆ ಮೊದಲ ಕೆಲಸವೇ ಮೂರ್ತಿಗಾರಿಗೆ ನಿಜ ಹೇಳುವುದೆಂದು ನಿರ್ಧರಿಸಿದೆ.

ಮಾರನೆಯ ದಿನ ನಾನು ಲ್ಯಾಬಿಗೆ ಕಾಲಿಡುವಷ್ಟರಲ್ಲಿ ಮೂರ್ತಿಗಾರು ಕತೆಯನ್ನೆಲ್ಲ ಹೇಳಿ ಮುಗಿಸಿದ್ದರು. ಮನೆಯಲ್ಲಿ ಹೆಂಡತಿಯ ಮಾತೇ ನಡೆಯಬೇಕಾದ ಬಡಪಾಯಿಯೆಂದು ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ಒಬ್ಬರು ಬೆನ್ನು ತಟ್ಟಿದರು, ಇನ್ನೊಬ್ಬರು ಟೀ ಕೊಡಿಸಿದರು. ಆ ಟೀ ಕುಡಿದೆ.